ಪ್ರತಿಕಾಯ ಇದೆ ಸರಿ, ಕೊಲ್ಲುತ್ತದೆಯೇ?

ಪ್ರಶ್ನೆ: ಆಫ್ರಿಕಾದಲ್ಲಿ ಮೆನಿಂಜೈಟಿಸ್‌ಗೆ ಹೊಸ ಲಸಿಕೆ ಹಾಕುವ ಮೊದಲೇ ಜನರ ರಕ್ತ ತೆಗೆದು ನಿರೋಧಕ ಶಕ್ತಿ ಅಳೆಯುತ್ತಾರಂತೆ. ಲಸಿಕೆಯೇ ಬೀಳದವರಲ್ಲಿ ಅಳೆಯಲು ಏನಿರುತ್ತದೆ?

ಉತ್ತರ: ಬೇಕಾದಷ್ಟಿರುತ್ತದೆ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಎಷ್ಟೋ ಜನರ ಗಂಟಲಿಗೆ ಬಂದು, ಕೆಲವು ವಾರವೋ ತಿಂಗಳೋ ಇದ್ದು, ಸದ್ದಿಲ್ಲದೆ ಹೋಗುತ್ತದೆ. ಕಾಯಿಲೆ ಬೀಳುವವರು ಅಪರೂಪ. ಪ್ರತಿಕಾಯ ಮಾತ್ರ ಹುಟ್ಟಿರುತ್ತದೆ. ಪುಟ್ಟ ಮಕ್ಕಳ ಮೂಗು-ಗಂಟಲಲ್ಲಿ ನೆಲೆಸುವ ಅದರ ಸಾಧು ದಾಯಾದಿ ನೈಸೀರಿಯಾ ಲ್ಯಾಕ್ಟಾಮಿಕಾದಿಂದಲೂ ಒಂದಿಷ್ಟು ರಕ್ಷಣೆ ಸಿಗುತ್ತದೆ. ತಾಯಿಯಿಂದ ಬಂದದ್ದು ಮೊದಲ ತಿಂಗಳುಗಳಲ್ಲೇ ಕರಗುತ್ತದೆ. 6ರಿಂದ 24 ತಿಂಗಳ ನಡುವೆ ಮಟ್ಟ ತಳ ಕಂಡು, ಆಮೇಲೆ ವಯಸ್ಸಿನ ಜೊತೆ ಏರುತ್ತದೆ.

ಯಾವ ವಯಸ್ಸಿನವರು ಬರಿಗೈಯಲ್ಲಿದ್ದಾರೆ ಎಂದು ತಿಳಿಯದೆ ಲಸಿಕೆ ಯಾರಿಗೆ ಮೊದಲು ಎಂದು ಹೇಳಲಾಗದು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ, ಈ ಬ್ಯಾಕ್ಟೀರಿಯಾದ ಹಲವು ಗುಂಪುಗಳಲ್ಲಿ 'ಎ' ಒಂದಕ್ಕಷ್ಟೇ ಇದ್ದ ಲಸಿಕೆ 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ 1ರಿಂದ 29 ವರ್ಷದವರಿಗೆ ಸಿಕ್ಕಿತು. 'ಎ' ಅಡಗಿತು, ಆದರೆ 2015ರಲ್ಲಿ ನೈಜರ್‌ನಲ್ಲಿ 'ಸಿ' ಎದ್ದಿತು. 2024ರಲ್ಲಿ ನೈಜೀರಿಯಾದಲ್ಲಿ ಶುರುವಾದ ಅದೇ ಸಂಸ್ಥೆಯ ಲಸಿಕೆ ಎ, ಸಿ, ಡಬ್ಲ್ಯೂ, ವೈ, ಎಕ್ಸ್ ಐದಕ್ಕೂ ಇದೆ. ಹಾಗಾಗಿ ಅಳತೆಯನ್ನೂ ಗುಂಪು ಗುಂಪಾಗಿಯೇ ಮಾಡಬೇಕು.

ಪ್ರಶ್ನೆ: ಎಲೈಸಾ (ಪ್ರತಿಕಾಯ ಅಳೆಯುವ ಸಾಮಾನ್ಯ ರಕ್ತಪರೀಕ್ಷೆ) ಮಾಡಿದರೆ ಸಾಲದೆ? ಪರೀಕ್ಷೆ ನಿಜಕ್ಕೂ ಹೇಗೆ ನಡೆಯುತ್ತದೆ?

ಉತ್ತರ: ಎಲೈಸಾ ಪ್ರತಿಕಾಯ ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಸಡಿಲವಾಗಿ ಅಂಟಿ ಏನೂ ಮಾಡದೆ ಕೂರುವ ಪ್ರತಿಕಾಯವನ್ನೂ ಎಣಿಸಿಬಿಡುತ್ತದೆ. ನಂಬಬೇಕಾದದ್ದು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂದು ನೇರವಾಗಿ ನೋಡುವ ಪರೀಕ್ಷೆಯನ್ನು. ಅಮೆರಿಕದ ಸೇನೆಗೆ ಹೊಸದಾಗಿ ಸೇರಿದವರ ಮೇಲೆ ನಡೆದು 1969ರಲ್ಲಿ ಪ್ರಕಟವಾದ ಅಧ್ಯಯನ ಇದರ ಬುನಾದಿ. ಕಾಯಿಲೆ ಬಿದ್ದ 54 ಜನರಲ್ಲಿ ಸೀರಮ್ಮನ್ನು ನಾಲ್ಕು ಪಟ್ಟು ತೆಳುವಾಗಿಸಿದರೂ (1:4) ಕೊಲ್ಲುವ ಶಕ್ತಿ ಮೊದಲೇ ಇದ್ದವರು ಮೂವರೇ. ಆರೋಗ್ಯವಾಗಿ ಉಳಿದವರಲ್ಲಿ ಶೇ. 82 ಮಂದಿಗೆ ಅದಿತ್ತು.

ಕ್ರಮ ಹೀಗೆ. ಸೀರಮ್ಮನ್ನು 56 ಡಿಗ್ರಿಯಲ್ಲಿ 30 ನಿಮಿಷ ಇಟ್ಟು ಅದರದೇ ಕಾಂಪ್ಲಿಮೆಂಟ್ (ಪ್ರತಿಕಾಯದ ಜೊತೆಗೂಡಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ರಕ್ತದ ಪ್ರೋಟೀನುಗಳು) ಸಾಯಿಸುತ್ತಾರೆ. ಇಲ್ಲವಾದರೆ ಒಬ್ಬೊಬ್ಬರ ಕಾಂಪ್ಲಿಮೆಂಟ್ ಒಂದೊಂದು ಬಗೆ, ಹೋಲಿಕೆಯೇ ಆಗದು. 96 ಗುಳಿಗಳ ತಟ್ಟೆಯಲ್ಲಿ 1:2, 1:4, 1:8 ಹೀಗೆ ಅರ್ಧರ್ಧ ತೆಳುವಾಗಿಸಿ, ಪ್ರತಿ ಗುಳಿಯಲ್ಲಿ 20 ಮೈಕ್ರೊಲೀಟರ್ ಸೀರಮ್, 10 ಮೈಕ್ರೊಲೀಟರ್ ಬ್ಯಾಕ್ಟೀರಿಯಾ ದ್ರವ, 10 ಮೈಕ್ರೊಲೀಟರ್ ಹೊರಗಿನ ಕಾಂಪ್ಲಿಮೆಂಟ್. 37 ಡಿಗ್ರಿಯಲ್ಲಿ ಒಂದು ಗಂಟೆ. ಆಮೇಲೆ ಪ್ರತಿ ಗುಳಿಯಿಂದ 10 ಮೈಕ್ರೊಲೀಟರ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಬಿಟ್ಟು ತಟ್ಟೆಯನ್ನು ವಾಲಿಸಿದರೆ ಹನಿ ಗೆರೆಯಂತೆ ಜಾರುತ್ತದೆ. ಬೆಳಗ್ಗೆ ಆ ಗೆರೆಯ ಮೇಲಿನ ಬೂದು ಚುಕ್ಕೆಗಳನ್ನು, ಅಂದರೆ ಬದುಕುಳಿದು ಬೆಳೆದ ಬ್ಯಾಕ್ಟೀರಿಯಾವನ್ನು, ಎಣಿಸಬೇಕು. ಶುರುವಿನ ಲೆಕ್ಕಕ್ಕೆ ಅರ್ಧ ಅಥವಾ ಅದಕ್ಕೂ ಹೆಚ್ಚು ಸತ್ತಿರುವ ಕೊನೆಯ ತೆಳುವೇ ಟೈಟರ್.

ಕೆಡುವುದು ಎಲ್ಲಿ ಎಂದರೆ, ಹೆಚ್ಚಾಗಿ ಕಾಂಪ್ಲಿಮೆಂಟ್‌ನಲ್ಲಿ. ಮೈನಸ್ 80 ಡಿಗ್ರಿಯಿಂದ ತೆಗೆದು ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಅದರ ಕಸುವು ಹೋಗುತ್ತದೆ, ಟೈಟರ್ ಸುಳ್ಳಾಗಿ ಇಳಿಯುತ್ತದೆ. ಎಳೆ ಮೊಲದ ಕಾಂಪ್ಲಿಮೆಂಟ್ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದರಲ್ಲಿ ಟೈಟರ್ ಉಬ್ಬುತ್ತದೆ: ಕಾಂಪ್ಲಿಮೆಂಟ್‌ಗೆ ಕಡಿವಾಣ ಹಾಕುವ ಮನುಷ್ಯನ ಫ್ಯಾಕ್ಟರ್ ಎಚ್ ಪ್ರೋಟೀನನ್ನು ಹೊದ್ದು ತಪ್ಪಿಸಿಕೊಳ್ಳುವ ಈ ಬ್ಯಾಕ್ಟೀರಿಯಾ ಮೊಲದ್ದನ್ನು ಹೊದೆಯಲಾರದು. ಅದಕ್ಕೇ ಮನುಷ್ಯರದ್ದಾದರೆ 1:4, 'ಸಿ' ಗುಂಪಿಗೆ ಮೊಲದ್ದಾದರೆ 1:8 ಎಂದು ರಕ್ಷಣೆ ಇದೆ ಎನ್ನಲು ಬೇರೆ ಬೇರೆ ಮಟ್ಟ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಿದ ವರದಿ ಕಂಡರೆ ಪಕ್ಕಕ್ಕಿಡಿ. 'ಬಿ' ಗುಂಪಿಗಂತೂ ಮನುಷ್ಯರದ್ದೇ ಬೇಕು.

ಇನ್ನೊಂದು ಎಡವಟ್ಟು, ರಕ್ತ ಕೊಟ್ಟವರು ಆ್ಯಂಟಿಬಯೋಟಿಕ್ ನುಂಗಿರುವುದು. ಆಗ ಕೊಲ್ಲುವುದು ಮಾತ್ರೆ, ಹೆಸರು ಪ್ರತಿಕಾಯಕ್ಕೆ. ಕಾಯಿಸಿ ಸಾಯಿಸಿದ ಕಾಂಪ್ಲಿಮೆಂಟ್ ಹಾಕಿದ ಒಂದು ಗುಳಿ ಪ್ರತಿ ಸೀರಮ್‌ಗೂ ಇರಲೇಬೇಕು. ಅಲ್ಲೂ ಬ್ಯಾಕ್ಟೀರಿಯಾ ಸತ್ತಿದ್ದರೆ ಆ ಮಾದರಿಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಪ್ರಶ್ನೆ: ಉಮ್ರಾಗೆ ಹೊರಟಿದ್ದೇನೆ. ಈ ಪರೀಕ್ಷೆ ಮಾಡಿಸಿ, ಶಕ್ತಿ ಇದ್ದರೆ ಲಸಿಕೆ ಬಿಡಬಹುದೆ?

ಉತ್ತರ: ಬಿಡುವಂತಿಲ್ಲ. ಇದು ಊರಿನ ಲ್ಯಾಬ್‌ಗಳಲ್ಲಿ ಆಗುವ ಪರೀಕ್ಷೆಯಲ್ಲ, ಜೀವಂತ ಬ್ಯಾಕ್ಟೀರಿಯಾ ಬೆಳೆಸುವ ಸಂಶೋಧನಾ ಪ್ರಯೋಗಾಲಯದ್ದು. ಸೌದಿ ಕೇಳುವುದು ನಾಲ್ಕು ಗುಂಪುಗಳ (ಎ, ಸಿ, ಡಬ್ಲ್ಯೂ, ವೈ) ಲಸಿಕೆಯ ಪ್ರಮಾಣಪತ್ರವನ್ನೇ. ಅಲ್ಲಿಗೆ ತಲುಪುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ.