ಮಗುವಿನ ಜ್ವರಕ್ಕೆ ಯಾವಾಗ ಆಸ್ಪತ್ರೆಗೆ ಓಡಬೇಕು?

ಎರಡು ವರ್ಷದ ಮಗಳಿಗೆ 102 ಡಿಗ್ರಿ ಜ್ವರ, ಮಂಡ್ಯದಿಂದ ರಾತ್ರಿಯೇ ಮೈಸೂರಿಗೆ ಹೊರಡಬೇಕಾ ಅಂತ ಕೇಳಿದ್ದೀರಿ. ಥರ್ಮಾಮೀಟರಿಗಿಂತ ಮಗುವಿನ ಮುಖ ನೋಡಿ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿದಾಗ ಗಂಜಿ ಕುಡಿದು, ಬಟ್ಟಲು ತಟ್ಟಿಕೊಂಡು ಆಡಿದರೆ ಬೆಳಗಿನವರೆಗೆ ಕಾಯಬಹುದು. ಔಷಧಿಯ ಅಳತೆ ಮಾತ್ರ ವಯಸ್ಸಿಗಲ್ಲ, ತೂಕಕ್ಕೆ: ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ ಮೀರಬಾರದು.

ಎಬ್ಬಿಸಿದರೂ ಕಣ್ಣು ಬಿಡದೆ ಮಂಕಾಗಿದ್ದರೆ, ಉಸಿರಿಗೆ ಪಕ್ಕೆ ಒಳಕ್ಕೆ ಸೆಳೆದರೆ, ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಫಿಟ್ಸ್ ಬಂದರೆ ತಡಮಾಡಬೇಡಿ. ಮೈಸೂರೇ ಯಾಕೆ, ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್ ಊರಲ್ಲೇ ಇದೆ. 108ಕ್ಕೆ ಫೋನ್ ಮಾಡಿ. ಮೂರು ತಿಂಗಳೊಳಗಿನ ಕೂಸಾದರೆ 100.4 ಮುಟ್ಟಿದರೂ ಸಾಕು, ಹೋಗಲೇಬೇಕು.

ಡೆಂಗಿಯಲ್ಲಿ ಜ್ವರ ಬಿಡುವಾಗಲೇ ಅಪಾಯ ಜಾಸ್ತಿ: ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ತಣ್ಣಗಾದ ಕೈಕಾಲು ಕಂಡರೆ ಆಗಲೇ ತೋರಿಸಿ.