ಫಲಕದಲ್ಲಿ ಇನಿಷಿಯಲ್ಲಷ್ಟೇ ಇದ್ದಾಗ

ಪ್ರಿಯ ಓದುಗರೆ,

ಲಂಡನ್ನಿನಲ್ಲಿ ನೀವು ಕೆಲಸ ಮಾಡುವ ಹಳೆಯ ಕಟ್ಟಡದ ಮೆಟ್ಟಿಲ ಬಳಿ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ ನೌಕರರ ಕಂಚಿನ ಫಲಕವಿದೆ ಎಂದು ಬರೆದಿದ್ದೀರಿ. ಅದರಲ್ಲಿ ಇನಿಷಿಯಲ್ಲು, ಮನೆತನದ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಒಂದು ಹೆಸರು ಹಾಕಿದರೆ ನೂರಾರು ಜನ ಬರುತ್ತಾರೆ, ಇನ್ನೊಂದು ಹಾಕಿದರೆ ಒಬ್ಬರೂ ಬರುವುದಿಲ್ಲ, ಮುಂದೇನು ಎಂದು ಕೇಳಿದ್ದೀರಿ.

ಹುಡುಕಾಟವನ್ನು ನೀವು ಹಿಂದುಮುಂದಾಗಿ ಶುರು ಮಾಡಿದ್ದೀರಿ. ಊರಿನ ಸ್ಮಾರಕವಾದರೆ ಊರೇ ಸುಳಿವು. ಸತ್ತವನ ಮನೆ ಸುತ್ತಮುತ್ತಲೇ ಇರುತ್ತದೆ. ಕಚೇರಿಯ ಸ್ಮಾರಕದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಖಚಿತವಾಗಿ ಗೊತ್ತಿರುವುದು ಒಂದೇ, ಅವನು ಅಲ್ಲಿ ನೌಕರನಾಗಿದ್ದ ಎಂಬುದು. ಆದ್ದರಿಂದ ಮೊದಲು ನೌಕರನನ್ನು ಗುರುತು ಹಿಡಿಯಿರಿ, ಸೈನಿಕನನ್ನು ಆಮೇಲೆ. ಸೇನೆಯ ದಾಖಲೆಯಲ್ಲಿ ಮೊದಲು ಸಿಕ್ಕ ‘ಜೆ. ಸ್ಮಿತ್’ನನ್ನೇ ಹಿಡಿದುಕೊಂಡು ಹೊರಟವರು ಬೇರೊಬ್ಬನ ಹೆತ್ತವರನ್ನೂ ಸಮಾಧಿಯನ್ನೂ ಇವನ ತಲೆಗೆ ಕಟ್ಟಿಬಿಡುತ್ತಾರೆ. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇದೇ ಬಗೆಯವು.

ಫಲಕದ ಫೋಟೋ ತೆಗೆಯುವಾಗ ಬೆಳಕು ಓರೆಯಾಗಿ ಬೀಳಲಿ. ನೇರ ಫ್ಲ್ಯಾಶ್ ಬಿದ್ದರೆ ಕಂಚು ಹೊಳೆದು ಅಕ್ಷರ ಮರೆಯಾಗುತ್ತದೆ. ಇದ್ದದ್ದನ್ನು ಇದ್ದ ಹಾಗೇ, ಸಾಲಿಗೆ ಸಾಲು ನಕಲು ಮಾಡಿಕೊಳ್ಳಿ. ಕಾಗುಣಿತ ತಪ್ಪೆನಿಸಿದರೂ ತಿದ್ದಬೇಡಿ. ಹೆಸರುಗಳು ಅಕಾರಾದಿಯಲ್ಲಿವೆಯೋ, ಹುದ್ದೆಯ ಪ್ರಕಾರವೋ, ಸತ್ತ ವರ್ಷದ ಪ್ರಕಾರವೋ ನೋಡಿ. ಅಕಾರಾದಿ ಮುಗಿದ ಮೇಲೆ ಕೊನೆಗೆ ಸೇರಿಸಿದ ಹೆಸರಿದ್ದರೆ, ಅದು ಪಟ್ಟಿ ಸಿದ್ಧವಾದ ಮೇಲೆ ಬಂದದ್ದು ಎಂದು ಊಹಿಸಬಹುದು. ಫಲಕದಲ್ಲಿರುವವರು ಸತ್ತವರು ಮಾತ್ರವೋ, ಯುದ್ಧಕ್ಕೆ ಹೋಗಿ ಬಂದವರೂ ಸೇರಿದ್ದಾರೋ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಇಂಪೀರಿಯಲ್ ವಾರ್ ಮ್ಯೂಸಿಯಂನ ಯುದ್ಧ ಸ್ಮಾರಕಗಳ ರಿಜಿಸ್ಟರಿನಲ್ಲಿ ನಿಮ್ಮ ಫಲಕ ಈಗಾಗಲೇ ಇರಬಹುದು. ಕಂಪನಿಗಳು ಒಂದರೊಳಗೊಂದು ವಿಲೀನವಾದಾಗ, ಕಟ್ಟಡ ಮಾರಾಟವಾದಾಗ ಫಲಕಗಳೂ ಸ್ಥಳ ಬದಲಾಯಿಸಿವೆ. ಹಾಗಾಗಿ ಅದು ಈಗ ನಿಮ್ಮ ಮೆಟ್ಟಿಲ ಬಳಿ ಇದ್ದರೂ ಅದರಲ್ಲಿರುವವರು ಬೇರೆ ಕಂಪನಿಯವರಾಗಿರಬಹುದು.

ಫಲಕವೇ ಪೂರ್ತಿ ಪಟ್ಟಿ ಎಂದೂ ತಿಳಿಯಬೇಡಿ. ಪ್ಯಾಡಿಂಗ್ಟನ್ ನಿಲ್ದಾಣದ ಒಂದನೆಯ ಪ್ಲಾಟ್‌ಫಾರ್ಮಿನಲ್ಲಿ ಪತ್ರ ಓದುತ್ತ ನಿಂತ ಸೈನಿಕನ ಪ್ರತಿಮೆಯಿದೆ. 1922ರಲ್ಲಿ ಅನಾವರಣಗೊಂಡ ಆ ಸ್ಮಾರಕ ಗ್ರೇಟ್ ವೆಸ್ಟರ್ನ್ ರೈಲ್ವೆಯ ಮಡಿದ ನೌಕರರದು. ಅವರು 2,524 ಮಂದಿ. ಅವರ ಹೆಸರುಗಳ ಸುರುಳಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಪ್ರತಿಮೆಯ ಪೀಠದೊಳಗೇ ಇಟ್ಟುಬಿಟ್ಟಿದ್ದಾರೆ. ಅಂಥ ಕಡೆ ಕಲ್ಲನ್ನು ಎಷ್ಟು ನೋಡಿದರೂ ಹೆಸರು ಸಿಗದು. ಅನಾವರಣದ ದಿನದ ಪತ್ರಿಕಾ ವರದಿ, ಹಂಚಿದ ಕಾರ್ಯಕ್ರಮ ಪತ್ರಿಕೆ ಹುಡುಕಬೇಕು. (ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಗ್ರೇಟ್ ಈಸ್ಟರ್ನ್ ರೈಲ್ವೆ ಸ್ಮಾರಕದ ದಿನಾಂಕವನ್ನಂತೂ ಹುಡುಕುವ ಶ್ರಮವೇ ಇಲ್ಲ. 1922ರ ಜೂನ್ 22ರಂದು ಅದನ್ನು ಅನಾವರಣ ಮಾಡಿದ ಫೀಲ್ಡ್ ಮಾರ್ಷಲ್ ಸರ್ ಹೆನ್ರಿ ವಿಲ್ಸನ್, ಅಲ್ಲಿಂದ ಮನೆಗೆ ಮರಳಿ ಬಾಗಿಲ ಮುಂದೆಯೇ ಗುಂಡೇಟಿಗೆ ಬಲಿಯಾದರು.)

ಇನ್ನು ಕಂಪನಿಯ ಕಡತಗಳು. ರೈಲ್ವೆಯ ಸಿಬ್ಬಂದಿ ದಾಖಲೆಗಳಲ್ಲಿ ಉಳಿದಿರುವ ಬಹುಪಾಲು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ‘ರೈಲ್’ ಎಂಬ ವಿಭಾಗದಲ್ಲಿವೆ. ಅಂಚೆಯವರದು ಪೋಸ್ಟಲ್ ಮ್ಯೂಸಿಯಂನಲ್ಲಿ. ದೊಡ್ಡ ಬ್ಯಾಂಕುಗಳು ತಮ್ಮದೇ ಪತ್ರಾಗಾರ ಇಟ್ಟುಕೊಂಡಿವೆ. ಮುಚ್ಚಿಹೋದ ಕಾರ್ಖಾನೆಯ ಕಡತ ಉಳಿದಿದ್ದರೆ ಆ ಜಿಲ್ಲೆಯ ದಾಖಲೆ ಕಚೇರಿಯಲ್ಲಿ ಇರಬಹುದು. ನೇಮಕಾತಿ ರಿಜಿಸ್ಟರಿನಲ್ಲಿ ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ಸೇರಿದ ದಿನ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿಯಿತು. ಸಂಬಳದ ಪುಸ್ತಕವನ್ನು ಮರೆಯಬೇಡಿ. ಸೇನೆಗೆ ಹೋದವರ ಸಂಬಳದ ಒಂದು ಭಾಗವನ್ನು ಮನೆಯವರಿಗೆ ಕೊಡುತ್ತಿದ್ದ ಕಂಪನಿಗಳಿದ್ದವು. ಕೊಟ್ಟ ಹಣ ಯಾರ ಕೈಗೆ ಹೋಯಿತು, ಯಾವ ವಾರ ನಿಂತಿತು ಎಂಬುದು ಅಲ್ಲಿರುತ್ತದೆ. ಸಿಬ್ಬಂದಿ ಪತ್ರಿಕೆ ಇದ್ದರೆ ಅದನ್ನು ಪುಟಪುಟವಾಗಿ ತಿರುವಿಹಾಕಿ. ಫೋಟೋ ಸಿಗುವುದು ಹೆಚ್ಚಾಗಿ ಅಲ್ಲೇ. ಸೂಚಿಯನ್ನೇ ನಂಬಿ ಕೂತರೆ ‘ನಮ್ಮ ಕ್ರಿಕೆಟ್ ತಂಡ’ ಎಂಬ ಚಿತ್ರದ ಕೆಳಗಿನ ಹೆಸರು ತಪ್ಪಿಹೋಗುತ್ತದೆ.

ಕಡತ ಸುಟ್ಟೋ ಕಳೆದೋ ಹೋಗಿದ್ದರೆ 1911ರ ಜನಗಣತಿ ನೆರವಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಮನೆಯ ಯಜಮಾನ ತನ್ನ ಕೈಯಾರೆ ತುಂಬಿದ ನಮೂನೆ ಉಳಿದಿರುವುದು ಆ ಗಣತಿಯಿಂದ. ಅದರಲ್ಲಿ ಕಸುಬು ಇದೆ, ಮದುವೆಯಾಗಿ ಎಷ್ಟು ವರ್ಷ ಎಂಬುದಿದೆ, ಹುಟ್ಟಿದ ಮಕ್ಕಳೆಷ್ಟು, ಬದುಕಿದವರೆಷ್ಟು ಎಂಬ ಲೆಕ್ಕವೂ ಇದೆ. 1921ರ ಜನಗಣತಿ ನಡೆಯುವ ಹೊತ್ತಿಗೆ ನಿಮ್ಮ ನೌಕರ ಇಲ್ಲ, ಆದರೂ ಅದನ್ನು ನೋಡಿ. ಅದು ಚಿಕ್ಕ ಮಕ್ಕಳ ತಂದೆತಾಯಿ ಬದುಕಿದ್ದಾರೆಯೇ ಎಂದು ಕೇಳಿತ್ತು. ಕೆಲಸಗಾರರಿಗೆ ಕೆಲಸ ಕೊಟ್ಟವರ ಹೆಸರನ್ನೂ ಬರೆಸಿತ್ತು. ಸತ್ತವನ ತಮ್ಮನೋ ತಂದೆಯೋ ಅದೇ ಕಂಪನಿಯಲ್ಲಿದ್ದರೆ ಅಲ್ಲಿ ಗೊತ್ತಾಗುತ್ತದೆ, ಹಾಗೆ ಗೊತ್ತಾದರೆ ಗುರುತು ಇನ್ನಷ್ಟು ಗಟ್ಟಿಯಾಗುತ್ತದೆ.

ಪೂರ್ತಿ ಹೆಸರು, ವಯಸ್ಸು, ವಿಳಾಸ ಕೈಗೆ ಬಂದ ಮೇಲೆ ಸಮಾಧಿ ಆಯೋಗಕ್ಕೆ ಹೋಗಿ. ಅಲ್ಲಿನ ‘ಹೆಚ್ಚುವರಿ ಮಾಹಿತಿ’ಯಲ್ಲಿ ಹೆತ್ತವರ ಅಥವಾ ಹೆಂಡತಿಯ ಹೆಸರು, ಊರು ಇರುತ್ತದೆ. ಆದರೆ ಅದು ಮನೆಯವರು ಆಯೋಗಕ್ಕೆ ಉತ್ತರ ಬರೆದಿದ್ದರೆ ಮಾತ್ರ. ಆ ವಿಳಾಸವೂ ಯುದ್ಧ ಮುಗಿದ ಮೇಲಿನದು, 1911ರ ವಿಳಾಸಕ್ಕೆ ಹೊಂದದಿದ್ದರೆ ಗಾಬರಿಯಾಗಬೇಡಿ. 1921ರಲ್ಲಿ ಸರ್ಕಾರ ಪ್ರಕಟಿಸಿದ ಮಡಿದ ಸೈನಿಕರ ಪಟ್ಟಿಯಲ್ಲಿ ಹುಟ್ಟಿದ ಊರು, ಸೇನೆಗೆ ಸೇರಿದ ಊರು ಎರಡೂ ಇವೆ. ಸೇರಿದ ಊರು ನಿಮ್ಮ ಕಚೇರಿಯ ಹತ್ತಿರದ್ದಾದರೆ ಒಳ್ಳೆಯ ಸೂಚನೆ, ಸಾಕ್ಷ್ಯವಲ್ಲ.

ಸೇವಾ ದಾಖಲೆಯ ಮೇಲೆ ಹೆಚ್ಚು ಆಸೆ ಇಡಬೇಡಿ. 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಲಂಡನ್ನಿನ ಆರ್ನ್‌ಸೈಡ್ ಸ್ಟ್ರೀಟ್ ಉಗ್ರಾಣ ಹೊತ್ತಿ ಉರಿದು, ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳಾದವು. ಉಳಿದವು ನ್ಯಾಷನಲ್ ಆರ್ಕೈವ್ಸ್‌ನ ‘ಡಬ್ಲ್ಯೂಓ 363’ ಎಂಬ ಕಡತಮಾಲೆಯಲ್ಲಿವೆ, ಅಂಚು ಕರಕಲಾಗಿ, ನೀರಿಗೆ ಶಾಯಿ ಹರಡಿಕೊಂಡು. ಪಿಂಚಣಿ ಕಾರ್ಡು ಸಿಕ್ಕರೆ ಅವಲಂಬಿತರ ಹೆಸರು, ಮಕ್ಕಳ ಹುಟ್ಟಿದ ದಿನ ಗೊತ್ತಾಗುತ್ತದೆ. ಮಡಿದ ಸೈನಿಕನಿಗೆ ಸೇನೆ ಕೊಡಬೇಕಿದ್ದ ಹಣವನ್ನು ಬಂಧುಗಳಿಗೆ ಕೊಟ್ಟ ಲೆಕ್ಕ, ‘ಸೈನಿಕರ ಬಾಕಿ ಹಣ’ದ ರಿಜಿಸ್ಟರು, ಇನ್ನೂ ಉಪಯುಕ್ತ. ಅದರಲ್ಲಿನ ಯುದ್ಧ ಗ್ರ್ಯಾಚುಯಿಟಿಯನ್ನು ಸೇವೆಯ ಅವಧಿ ನೋಡಿ ನಿಗದಿ ಮಾಡುತ್ತಿದ್ದರು, ಆದ್ದರಿಂದ ಮೊತ್ತದಿಂದ ಹಿಂದಕ್ಕೆ ಎಣಿಸಿ ಸೇರಿದ ತಿಂಗಳನ್ನು ಸುಮಾರಾಗಿ ಹೇಳಬಹುದು. ಯಾರಿಗೆ ಯಾವ ಪದಕ ಎಂದು ಸೇನೆ ಬರೆದಿಟ್ಟ ಪದಕದ ಕಾರ್ಡಿನಲ್ಲಿ ವಯಸ್ಸೂ ಇಲ್ಲ, ಹೆಚ್ಚಿನವುಗಳಲ್ಲಿ ವಿಳಾಸವೂ ಇಲ್ಲ. ಅದೊಂದನ್ನೇ ನಂಬಿ ಯಾರನ್ನೂ ಗುರುತಿಸಬೇಡಿ. ಟೆರಿಟೋರಿಯಲ್ ಪಡೆಯವರಿಗೆ, ಅಂದರೆ ಸೇನೆಯ ಅರೆಕಾಲಿಕ ಸ್ವಯಂಸೇವಕ ಪಡೆಯವರಿಗೆ, 1917ರ ಆರಂಭದಲ್ಲಿ ಹೊಸ ಸಂಖ್ಯೆ ಕೊಟ್ಟರು. ಒಬ್ಬನಿಗೇ ಎರಡು ಸಂಖ್ಯೆ ಕಂಡರೆ ಇಬ್ಬರು ಎಂದುಕೊಳ್ಳುವ ಮುಂಚೆ ಇದನ್ನು ಪರಿಶೀಲಿಸಿ. ಬೆಟಾಲಿಯನ್ನಿನ ದಿನದಿನದ ವರದಿ, ಅಂದರೆ ವಾರ್ ಡೈರಿ, ಅಲ್ಲಿಯದೇ ‘ಡಬ್ಲ್ಯೂಓ 95’ರಲ್ಲಿದೆ. ಅಧಿಕಾರಿಗಳ ಹೆಸರಿರುತ್ತದೆ, ಸಿಪಾಯಿಗಳದು ಅಪರೂಪ. ಆ ದಿನ ಪಡೆ ಎಲ್ಲಿತ್ತು ಎಂಬುದು ಮಾತ್ರ ತಿಳಿಯುತ್ತದೆ.

ಇನ್ನು ಎಲ್ಲಿಯೂ ಸಿಗದ ಹೆಸರುಗಳು. ಅವನು ಕೆಲಸ ಬಿಟ್ಟು ವಲಸೆ ಹೋಗಿ ಕೆನಡಾ ಅಥವಾ ಆಸ್ಟ್ರೇಲಿಯಾದ ಪಡೆ ಸೇರಿರಬಹುದು. ಹಾಗಾಗಿದ್ದರೆ ನಿಮ್ಮ ಅದೃಷ್ಟ, ಆ ದೇಶಗಳ ರಾಷ್ಟ್ರೀಯ ಪತ್ರಾಗಾರಗಳು ಪೂರ್ತಿ ಸೇವಾ ಕಡತಗಳನ್ನು ಉಚಿತವಾಗಿ ಜಾಲದಲ್ಲಿ ಇಟ್ಟಿವೆ. ವ್ಯಾಪಾರಿ ಹಡಗಿನಲ್ಲಿದ್ದು ಸಮುದ್ರದ ಪಾಲಾಗಿದ್ದರೆ ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ನೋಡಿ. ಸುಳ್ಳು ಹೆಸರಿನಲ್ಲಿ ಸೇರಿದವರೂ ಇದ್ದರು. ಇವು ಯಾವುವೂ ಅಲ್ಲದಿದ್ದರೆ ದಿನಾಂಕ ನೋಡಿ: ಆಯೋಗದ ಲೆಕ್ಕದಲ್ಲಿ ಆ ಯುದ್ಧ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ. ಗಾಯದಿಂದಲೋ ಕ್ಷಯದಿಂದಲೋ ನರಳಿ 1922ರಲ್ಲಿ ಸತ್ತವನನ್ನು ಕಂಪನಿ ತನ್ನ ಫಲಕದಲ್ಲಿ ಸೇರಿಸಿಕೊಂಡಿದ್ದರೂ ಆಯೋಗ ಸೇರಿಸುವುದಿಲ್ಲ. ಆದರೆ ಸೇನೆಯಿಂದ ಬಿಡುಗಡೆಯಾಗಿ ಆ ಅವಧಿಯೊಳಗೇ ಸತ್ತಿದ್ದು, ಕಾರಣ ಸೇವೆಗೆ ಸಂಬಂಧಿಸಿದ್ದು ಎಂದು ತೋರಿಸಲು ಸಾಧ್ಯವಾದರೆ, ಬಿಟ್ಟುಹೋದ ಹೆಸರನ್ನು ಈಗಲೂ ಸೇರಿಸುತ್ತಾರೆ. ಅದಕ್ಕೆ ಮರಣ ಪ್ರಮಾಣಪತ್ರ, ಬಿಡುಗಡೆಯ ಅಥವಾ ಪಿಂಚಣಿಯ ದಾಖಲೆ ಬೇಕು. ರೋಗದ ಹೆಸರು ಎರಡರಲ್ಲೂ ತಾಳೆಯಾಗಬೇಕು.

ಪ್ರತಿ ಹೆಸರಿಗೂ ಒಂದು ಹಾಳೆ ಇಡಿ. ಪ್ರತಿ ಮಾಹಿತಿಯ ಎದುರು ಅದು ಎಲ್ಲಿಂದ ಬಂತು ಎಂದು ಬರೆಯಿರಿ, ‘ಖಚಿತ’, ‘ಇರಬಹುದು’ ಎಂಬ ಗುರುತು ಹಾಕಿ. ಕಚೇರಿ ಮತ್ತು ಸೇನೆ, ಎರಡೂ ಕಡೆಯ ದಾಖಲೆಯಲ್ಲಿ ಒಂದೇ ವಿಳಾಸವೋ ಒಬ್ಬರೇ ಹತ್ತಿರದ ಬಂಧುವೋ ಕಾಣುವ ತನಕ ‘ಖಚಿತ’ ಎಂದು ಬರೆಯಬೇಡಿ. ಜಾಲದಲ್ಲಿ ಸಿಗುವ ವಂಶವೃಕ್ಷಗಳು ಒಂದನ್ನೊಂದು ನಕಲು ಮಾಡಿದಂಥವು, ಹತ್ತು ಕಡೆ ಇದ್ದರೂ ಅವು ಒಂದೇ ಸಾಕ್ಷಿ. ಮುಗಿದ ಮೇಲೆ ಒಂದು ಪ್ರತಿ ಕಂಪನಿಯ ಪತ್ರಾಗಾರಕ್ಕೆ ಕೊಡಿ, ಫಲಕದ ವಿವರವನ್ನು ಇಂಪೀರಿಯಲ್ ವಾರ್ ಮ್ಯೂಸಿಯಂನ ರಿಜಿಸ್ಟರಿಗೆ ಕಳಿಸಿ.

— ಸಂಪಾದಕ