ಉಪ್ಪಾಗೆ ನುಂಗಬೇಡಿ, ಉಣ್ಣಿ

ಕಾರವಾರದ ನಿವೃತ್ತ ಅಕ್ಕೋರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗ ಇಲ್ಲ, ಸಾರ ಹೇಳುತ್ತೇನೆ. ಕಳೆದ ಸಂಚಿಕೆಯಲ್ಲಿ ತಂಬುಳಿಗಳ ಬಗ್ಗೆ ಬಾಯಲ್ಲಿ ನೀರೂರುವ ಹಾಗೆ ಬರೆದ ನಾವು, ಅದೇ ಸಂಚಿಕೆಯ ಕೊನೇ ಪುಟದಲ್ಲಿ 'ತೂಕ ಇಳಿಸುವ ನೈಸರ್ಗಿಕ ಉತ್ಪನ್ನಗಳ ಜಾಹೀರಾತು ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ' ಎಂದು ಪ್ರಕಟಣೆ ಹಾಕಿದ್ದು ಅವರಿಗೆ ಸರಿ ಕಂಡಿಲ್ಲ. ಅವರಿಗೆ ಮಂಡಿನೋವು. ಡಾಕ್ಟರು ತೂಕ ಇಳಿಸಿ ಅಂದಿದ್ದಾರೆ. ಪುಣೆಯಲ್ಲಿರುವ ಮಗಳು ತೂಕ ಇಳಿಸಲೆಂದು ಗಾರ್ಸೀನಿಯಾ, ಅಂದರೆ ಹುಳಿಗೆ ಬಳಸುವ ಕಾಡುಹಣ್ಣು ಉಪ್ಪಾಗೆಯ ಸಾರದ ಮಾತ್ರೆಯ ಡಬ್ಬಿ ಕಳಿಸಿದ್ದಾಳೆ, ಅದರ ಮೇಲೆ ಸಾವಯವ ಮುದ್ರೆಯೂ ಇದೆಯಂತೆ. "ಇದು ನಮ್ಮ ಘಟ್ಟದ ಉಪ್ಪಾಗೆಯೇ ತಾನೆ? ನೈಸರ್ಗಿಕ, ಅಡ್ಡಪರಿಣಾಮ ಇಲ್ಲ. ನಮ್ಮ ಕಾಡಿನ ಕಾಯಿಗೆ ಹೊರದೇಶದವರು ಬೆಲೆ ಕೊಟ್ಟರೆ ನಿಮಗೇಕೆ ಹೊಟ್ಟೆಯುರಿ? ಹಿತ್ತಲ ಗಿಡ ಮದ್ದಲ್ಲ ಅನ್ನುವವರ ಸಾಲಿಗೆ ನೀವೂ ಸೇರಿದಿರಾ?" ಎಂದು ಕೇಳಿದ್ದಾರೆ.

ಅಕ್ಕೋರೇ, ಹೊಟ್ಟೆ ಉರಿಯುವುದು ನಿಜ. ಸುಳ್ಳು ಹೇಳೋದಿಲ್ಲ. ಯಾಕೆ ಉರಿಯುತ್ತದೆ ಅನ್ನೋದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಅದಕ್ಕೇ ಈ ತಿಂಗಳು ಉಳಿದ ಪತ್ರಗಳನ್ನೆಲ್ಲ ಬದಿಗಿಟ್ಟು ನಿಮ್ಮೊಬ್ಬರಿಗೇ ಪುಟ ಕೊಟ್ಟಿದ್ದೇನೆ. ನಿಮ್ಮ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಎಷ್ಟೋ ಮಕ್ಕಳ ಕಾಪಿ ತಿದ್ದಿದ ಕೈ. ಸಿಟ್ಟಿನಲ್ಲಿ ಬರೆದರೂ ಒಂದು ಒತ್ತಕ್ಷರ ತಪ್ಪಿಲ್ಲ.

ನಿಮ್ಮ ಮಾತಿನಲ್ಲೂ ನ್ಯಾಯ ಇದೆ, ಇಲ್ಲ ಅನ್ನೋದಿಲ್ಲ. ಪುಣೆಯಲ್ಲೋ ಬೆಂಗಳೂರಲ್ಲೋ ಮೂರನೇ ಮಹಡಿಯಲ್ಲಿ ಇರುವವರು ಹಿತ್ತಲು ಎಲ್ಲಿಂದ ತರಬೇಕು? ಅವರಿಗೆ ಸಾವಯವ ಮುದ್ರೆ ಒಂದು ಆಧಾರ. ಅದು ಸುಮ್ನೆ ಸಿಗುವುದೂ ಇಲ್ಲ. ಎನ್‌ಪಿಒಪಿ ಎಂಬ ಕೇಂದ್ರದ ವ್ಯವಸ್ಥೆಯಲ್ಲಿ ಅಡಿಕೆ, ಕಾಳುಮೆಣಸಿನಂಥ ಬೆಳೆಗೆ ಮೂರು ವರ್ಷ ರಾಸಾಯನಿಕ ಬಿಟ್ಟು ತೋರಿಸಬೇಕು, ಲೆಕ್ಕಪುಸ್ತಕ ಇಡಬೇಕು, ತಪಾಸಣೆಗೆ ಬಂದವರನ್ನು ತೋಟ ಪೂರ್ತಿ ಸುತ್ತಿಸಬೇಕು. ರೈತರೇ ಒಬ್ಬರನ್ನೊಬ್ಬರು ತಪಾಸಣೆ ಮಾಡುವ ಪಿಜಿಎಸ್ ಪದ್ಧತಿಯೂ ಇದೆ. ಮರ್ಯಾದೆಯಿಂದ ಮಾಡುವವರು ಇದ್ದಾರೆ, ಅವರಿಗೆ ನಮಸ್ಕಾರ. ಇಷ್ಟು ಹೇಳಿ ನಾನು ನನ್ನ ದಾರಿ ಹಿಡಿಯುತ್ತೇನೆ.

ಆ ಮುದ್ರೆ ಹೇಳುವುದು ಬೆಳೆದದ್ದು ಹೇಗೆ ಅನ್ನೋದನ್ನಷ್ಟೇ. ತಿಂದರೆ ನಿಮ್ಮ ಮಂಡಿಗೆ ಏನಾಗುತ್ತದೆ ಅಂತ ಅದು ಎಲ್ಲೂ ಹೇಳಿಲ್ಲ. ಡಬ್ಬಿ ತಿರುಗಿಸಿ, ಕನ್ನಡಕ ಹಾಕಿಕೊಂಡು ಹಿಂಬದಿ ಓದಿ. ಇಲ್ಲಿ ಮಾರುವ ಮಾಲಾದರೆ 'ಔಷಧಿಯಾಗಿ ಬಳಸಲು ಅಲ್ಲ' ಎಂಬ ಸಾಲು ಇರಲೇಬೇಕು. ಅದು ಕಾನೂನು, ಆಹಾರ ಪೂರಕಗಳೆಂದು ಮಾರುವ ಮಾತ್ರೆಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಿದ ನಿಯಮ. ಮುಂಬದಿಯಲ್ಲಿ ಸಪೂರ ಸೊಂಟದ ಹುಡುಗಿಯ ಚಿತ್ರ, ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಈ ಸಾಲು. ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?

ಈಗ ಉಪ್ಪಾಗೆಯ ವಿಷಯ. ಅದರ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ಚಿಕ್ಕದಾಗಿ ಎಚ್‌ಸಿಎ. ತಿಂದ ಅನ್ನ, ಸಕ್ಕರೆಯನ್ನು ಕೊಬ್ಬಾಗಿ ಬದಲಾಯಿಸುವ ಕೆಲಸದಲ್ಲಿ ನಮ್ಮ ದೇಹದ ಒಂದು ಕಿಣ್ವಕ್ಕೆ ಪಾತ್ರ ಇದೆ, ಆ ಕಿಣ್ವವನ್ನು ಎಚ್‌ಸಿಎ ತಡೆಯುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಇದು ಚೆನ್ನಾಗಿಯೇ ಕಂಡಿತು. ವ್ಯಾಪಾರದವರಿಗೆ ಅಷ್ಟು ಸಾಕಾಯಿತು. ಆದರೆ ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಫಲಿತಾಂಶ ಪ್ರಕಟಿಸಿದರು. 135 ಜನ, 12 ವಾರ. ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಎರಡೂ ಗುಂಪಿಗೆ ಊಟದ ಪಥ್ಯ ಒಂದೇ. ಉಪ್ಪಾಗೆ ತೆಗೆದುಕೊಂಡವರ ತೂಕ ಸರಾಸರಿ 3.2 ಕಿಲೋ ಇಳಿಯಿತು, ಖಾಲಿ ಮಾತ್ರೆಯವರದ್ದು 4.1 ಕಿಲೋ! ಆ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ಎಂದು ಸಂಶೋಧಕರು ಹೇಳಿದರು, ಸರಿ. ಅಂದರೆ ಇಳಿಸಿದ್ದು ಪಥ್ಯ. ಮಾತ್ರೆಯಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ.

ಲಾಭ ಇಲ್ಲದಿದ್ದರೆ ಹೋಗಲಿ, ದುಡ್ಡು ಹೋಯಿತು ಅಂದುಕೊಳ್ಳಬಹುದಿತ್ತು. ಆದರೆ ಇಂಥ ಮಾತ್ರೆ ತೆಗೆದುಕೊಂಡವರಲ್ಲಿ ಕೆಲವರಿಗೆ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಗಾರ್ಸೀನಿಯಾ ಇರುವ ಪೂರಕಗಳನ್ನು ಸೇವಿಸಬೇಡಿ ಎಂದು ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆ ಆನ್ಸೆಸ್ 2025ರಲ್ಲಿ ಸ್ಪಷ್ಟವಾಗಿ ಹೇಳಿದೆ. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಮಂಡಿನೋವಿಗೆ ಬೇರೆ ಮಾತ್ರೆಯನ್ನೂ ನುಂಗುತ್ತಿರುವವರು ನೀವು. ಆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದೀರಾ? ಪತ್ರದಲ್ಲಿ ಆ ಮಾತು ಇಲ್ಲ. ಇಷ್ಟು ದೊಡ್ಡ ಪತ್ರದಲ್ಲಿ ಅದೊಂದು ಇರಬೇಕಿತ್ತು.

ಇನ್ನು 'ನೈಸರ್ಗಿಕ, ಅಡ್ಡಪರಿಣಾಮ ಇಲ್ಲ' ಎಂಬುದು. ಅಕ್ಕೋರೇ, ಕಾಸರಕದ ಮರ ನಮ್ಮ ಕರಾವಳಿಯಲ್ಲಿ ಬೇಲಿ ಬೇಲಿಗೂ ಇದೆ. ಚಂದದ ಕಿತ್ತಳೆ ಬಣ್ಣದ ಹಣ್ಣು. ಯಾರೂ ಅದಕ್ಕೆ ಗೊಬ್ಬರ ಹಾಕಿಲ್ಲ, ಔಷಧ ಹೊಡೆದಿಲ್ಲ. ಅದಕ್ಕಿಂತ ಸಾವಯವ ಇನ್ನೇನಿದೆ? ಬೀಜದೊಳಗೆ ಸ್ಟ್ರಿಕ್ನಿನ್ ಎಂಬ ವಿಷ. ನಮ್ಮ ಅಜ್ಜಿಯರಿಗೆ ಯಾವುದನ್ನು ತಿನ್ನಬೇಕು ಅನ್ನುವಷ್ಟೇ ಯಾವುದನ್ನು ಮುಟ್ಟಬಾರದು ಅನ್ನೋದೂ ಗೊತ್ತಿತ್ತು. ಈ ಎರಡನೇ ಪಾಠ ಡಬ್ಬಿಯ ಜೊತೆ ಬರುವುದಿಲ್ಲ.

ನಾನು ಹಿತ್ತಲ ಗಿಡದ ವಿರೋಧಿ ಅಂದಿರಲ್ಲ, ಅದು ಮನಸ್ಸಿಗೆ ಚುಚ್ಚಿತು. ನನ್ನ ಪಕ್ಷ ಪೂರ್ತಿ ಹಿತ್ತಲಿನದ್ದೇ. ಉಪ್ಪಾಗೆಯನ್ನು ನಮ್ಮ ಶಿರಸಿ ಸಿದ್ದಾಪುರದ ಮನೆಗಳಲ್ಲಿ ಹೇಗೆ ಬಳಸುತ್ತಿದ್ದರು ನೋಡಿ. ಮಳೆ ಹಿಡಿದ ಮೇಲೆ ಹಣ್ಣು ಉದುರುತ್ತದೆ. ಹಳದಿ ಬಣ್ಣ, ಮೈತುಂಬ ಉದ್ದುದ್ದ ಗೆರೆ. ಕೈಯಲ್ಲಿ ಹಿಸುಕಿದರೆ ಒಡೆಯುತ್ತದೆ. ಬೀಜ, ತಿರುಳು ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. ಮಳೆಗಾಲದಲ್ಲಿ ಬಿಸಿಲೆಲ್ಲಿ? ಹಾಗಾಗಿ ಒಲೆಯ ಮೇಲಿನ ಅಟ್ಟದಲ್ಲಿ ತಟ್ಟಿಯ ಮೇಲೆ ಹರಡುತ್ತಿದ್ದರು. ದಿನಾ ಅಡುಗೆಯ ಹೊಗೆ ಕುಡಿದು ಕುಡಿದು ಅದು ಕಪ್ಪಾಗಿ ಚರ್ಮದ ಹಾಗೆ ಆಗುತ್ತಿತ್ತು. ಸಾರಿಗೆ, ಹುಳಿಗೆ ಒಂದೆರಡು ಚೂರು ಸಾಕು. ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ. ಅದು ಉಪ್ಪಾಗೆ ತುಪ್ಪ, ಬಿಸಿ ದೋಸೆಗೆ ಹಾಕಿದರೆ ಕರಗಿ ಹರಡುತ್ತದೆ. ಹಣ್ಣಿನಲ್ಲಿ ಬಿಸಾಡುವುದು ಏನೂ ಇಲ್ಲ. ನಿಮ್ಮ ಕಾರವಾರದ ಕಡೆ ಮುರುಗಲಿನದ್ದೂ, ಅಂದರೆ ಕೋಕಂನದ್ದೂ, ಇದೇ ಕಥೆ ಅಲ್ವಾ? ಒಣಗಿಸಿದ ಸಿಪ್ಪೆ ಸೋಲಾಂ ಆಗಿ ಮೀನಿನ ಪದಾರ್ಥಕ್ಕೆ, ಕಾಯಿಹಾಲಿನ ಜೊತೆ ಸೋಲ್‌ಕಡಿಗೆ. ಬೀಜದ ತುಪ್ಪ ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ. ಅದೇ ತುಪ್ಪವನ್ನು ಈಗ ಬೆರಳುದ್ದದ ಡಬ್ಬಿಯಲ್ಲಿ ತುಟಿಗೆ ಹಚ್ಚಲು ಮಾರುತ್ತಾರೆ. ಬೆಲೆ ನೋಡಿದರೆ ತುಟಿಯೇ ಒಡೆಯಬೇಕು.

ಹೀಗೆ ಚೂರು ಚೂರಾಗಿ ಊಟದ ಜೊತೆ ಹೋಗುತ್ತಿದ್ದದ್ದನ್ನು ಸಾರ ತೆಗೆದು, ಮಾತ್ರೆ ಮಾಡಿ ತಿಂಗಳುಗಟ್ಟಲೆ ನುಂಗಿದರೆ ಅದು ಬೇರೆಯೇ ವಸ್ತು. ಅಜ್ಜಿ ಮಾಡಿದ್ದು ಅದನ್ನಲ್ಲ. ಅಜ್ಜಿಯ ಹೆಸರು ಹೇಳಿ ಮಾರುತ್ತಾರೆ, ಅಷ್ಟೇ.

ನನ್ನ ಹೊಟ್ಟೆಯುರಿಗೆ ನಿಜವಾದ ಕಾರಣ ಕಾಡು. 90ರ ದಶಕದಲ್ಲಿ ಹೊರದೇಶಗಳಲ್ಲಿ ಸಪೂರ ಆಗುವ ಹುಚ್ಚು ಹತ್ತಿ, ಉಪ್ಪಾಗೆ ಸಿಪ್ಪೆಗೆ ಇದ್ದಕ್ಕಿದ್ದ ಹಾಗೆ ಬೆಲೆ ಬಂತು. ಅಲ್ಲಿಯವರೆಗೆ ಹಣ್ಣಾಗಿ ಉದುರಿದ್ದನ್ನು ಹೆಕ್ಕುತ್ತಿದ್ದ ಘಟ್ಟದಲ್ಲಿ ಪೈಪೋಟಿ ಶುರುವಾಯಿತು. ಹಣ್ಣಾಗುವ ತನಕ ಕಾದರೆ ಇನ್ನೊಬ್ಬ ಕೊಯ್ಯುತ್ತಾನೆ, ಹಾಗಾಗಿ ಕಾಯಿಯನ್ನೇ ಕೊಯ್ದರು. ಹತ್ತಲು ಆಗದಲ್ಲಿ ಟೊಂಗೆಯನ್ನೇ ಕಡಿದರು. ಬಲಿಯದ ಬೀಜ ಮೊಳೆಯುವುದಿಲ್ಲ, ಕಡಿದ ಟೊಂಗೆಯಲ್ಲಿ ಮರುವರ್ಷ ಕಾಯಿ ಇಲ್ಲ. ಒಣಗಿಸಲು ಕಾಡಿನದ್ದೇ ಕಟ್ಟಿಗೆ, ರಾತ್ರಿ ಹಗಲು ಬೆಂಕಿ. ಮಳೆಗಾಲದಲ್ಲಿ ಬೇರೆ ಕೂಲಿ ಇಲ್ಲದ ಬಡವರ ಕೈಗೆ ನಾಲ್ಕು ಕಾಸು ಬಂದದ್ದು ಹೌದು, ಅವರನ್ನು ನಾನು ದೂರುವುದಿಲ್ಲ. ಆದರೆ ಅಲ್ಲೆಲ್ಲೋ ಹುಚ್ಚು ಇಳಿದರೆ ಇಲ್ಲಿ ದರ ಬೀಳುತ್ತದೆ, ಒಣಗಿಸಿಟ್ಟ ಚೀಲ ಹಾಗೇ ಕೂರುತ್ತದೆ. ದೊಡ್ಡ ಲಾಭ ಡಬ್ಬಿಗೆ ಚೀಟಿ ಅಂಟಿಸುವವನದ್ದು.

ಸಿಂಗಳೀಕ ಕೂಡ ಉಪ್ಪಾಗೆ ತಿನ್ನುತ್ತದೆ. ಸಿದ್ದಾಪುರ, ಹೊನ್ನಾವರದ ಘಟ್ಟದಲ್ಲಿ ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿದರು. ಒಂದೇ ಮರಕ್ಕೆ ಮನುಷ್ಯ ಕೆಳಗಿನಿಂದ, ಸಿಂಗಳೀಕ ಮೇಲಿನಿಂದ ಬಂದರೆ ಯಾರು ಗೆಲ್ಲುತ್ತಾರೆ ಹೇಳಿ. ಕಾಡಿನಿಂದ ತಂದದ್ದಕ್ಕೂ ಸಾವಯವ ಮುದ್ರೆ ಸಿಗುತ್ತದೆ, ಯಾಕೆಂದರೆ ಕಾಡಿಗೆ ಯಾರೂ ಔಷಧ ಹೊಡೆದಿಲ್ಲ. ಕಾಡು ತಾಳುವಷ್ಟೇ ಕೊಯ್ಯಬೇಕು ಎಂಬ ನಿಯಮವೂ ಅದರಲ್ಲಿ ಇದೆ. ಜುಲೈ ತಿಂಗಳ ಮಳೆಯಲ್ಲಿ, ಇಂಬಳ ಕಚ್ಚಿಸಿಕೊಳ್ಳುತ್ತಾ ಘಟ್ಟ ಹತ್ತಿ ಮರ ಮರ ಎಣಿಸುವವರು ಎಷ್ಟು ಜನ ಇದ್ದಾರು? 1983ರಲ್ಲಿ ಶಿರಸಿಯ ಸಾಲ್ಕಣಿಯ ಹತ್ತಿರದ ಕಾಡಿನಲ್ಲಿ ಮರ ಅಪ್ಪಿಕೊಂಡು ಕಡಿಯಲು ಬಂದವರನ್ನು ತಡೆದ ಸೀಮೆ ನಮ್ಮದು. ಅಪ್ಪಿಕೋ ಚಳವಳಿ ಎಂದರೆ ದೇಶಕ್ಕೇ ಗೊತ್ತು. ಆಗ ಎದುರು ನಿಂತವರು ಹೊರಗಿನವರಾಗಿದ್ದರು, ಜಗಳ ಸುಲಭ ಇತ್ತು. ಈಗ ಕತ್ತಿ ಹಿಡಿದವರು ನಮ್ಮ ಕೇರಿಯವರೇ, ಕೊಳ್ಳುವವರು ನಮ್ಮ ಮಕ್ಕಳು.

ಬೆಳೆಸಿ ಮಾರಿ, ಯಾರು ಬೇಡ ಅಂದರು? ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ನೆಟ್ಟು ವರ್ಷಗಟ್ಟಲೆ ಸಾಕಿದ ಮೇಲೆ ಗಂಡು ಎಂದು ಗೊತ್ತಾದರೆ ಕಾಯಿಯೇ ಇಲ್ಲ. ಅದಕ್ಕೇ ಕಸಿ ಗಿಡ ಬೇಕು. ನಮ್ಮ ಶಿರಸಿಯ ಅರಣ್ಯ ಕಾಲೇಜಿನವರು ಆ ಕೆಲಸ ಮಾಡಿದ್ದಾರೆ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸೊಪ್ಪಿನ ಬೆಟ್ಟ ಇರುವ ಅಡಿಕೆ ತೋಟದವರು ಬೆಟ್ಟದಲ್ಲಿ ನಾಲ್ಕು ಉಪ್ಪಾಗೆ, ನಾಲ್ಕು ಮುರುಗಲು ಹಾಕಬಹುದು. ಹಾಕುತ್ತಾರಾ? ಬೆಟ್ಟವನ್ನೇ ಸವರಿ ಇನ್ನಷ್ಟು ಅಡಿಕೆ ಹಾಕುವ ಹುರುಪು.

ಮಾತು ಎಲ್ಲಿಗೋ ಹೋಯಿತು ಅನ್ನಬೇಡಿ, ಇದೂ ನಿಮ್ಮ ಪತ್ರಕ್ಕೇ ಉತ್ತರ. ತೋಟದ ಕಾಲುವೆ ಅಂಚಿನಲ್ಲಿ ಒಂದೆಲಗ ತಾನಾಗೇ ಹಬ್ಬುತ್ತಿತ್ತು. ಕಳೆ ಕೀಳಲು ಆಳು ಇಲ್ಲ ಎಂದು ಅಲ್ಲಿಗೆ ಕಳೆನಾಶಕ ಹೊಡೆದರು. ಒಂದೆಲಗ ಸತ್ತಿತು. ಅದೇ ಮನೆಗೆ ಈಗ ಮಕ್ಕಳ ನೆನಪಿನ ಶಕ್ತಿಗೆಂದು ಸಾವಯವ ಒಂದೆಲಗದ ಪುಡಿ ಕೊರಿಯರಿನಲ್ಲಿ ಬರುತ್ತದೆ! ಅಂಗಳಕ್ಕೆ ಇಂಟರ್‌ಲಾಕ್ ಹಾಸಿದರು, ದೊಡ್ಡಪತ್ರೆ, ಲೋಳೆಸರ, ನೆಲನೆಲ್ಲಿ ಎಲ್ಲ ಕಲ್ಲಿನಡಿ ಸೇರಿದವು. ಮದುವೆ ಮನೆಯಲ್ಲಿ ಮಾವಿನಕಾಯಿಯ ಅಪ್ಪೆಹುಳಿ ಬಡಿಸುವಾಗ ಬೇಡ ಎಂದು ಕೈ ಅಡ್ಡ ಹಿಡಿಯುವ ಹುಡುಗರು, ಪಚನಕ್ಕೆ ಒಳ್ಳೆಯದು ಎಂದು ಬರೆದ ಬಾಟಲಿಯ ಪಾನೀಯ ಕುಡಿಯುತ್ತಾರೆ. ಸಾವಯವ ಇರಲಿ, ಮೊದಲು ಅಡುಗೆ ಮನೆ ಬೇಕಲ್ಲ.

ಕಾರವಾರದ ಭಾನುವಾರದ ಸಂತೆಗೆ ನೀವು ಹೋಗುತ್ತೀರಿ ಎಂದುಕೊಂಡಿದ್ದೇನೆ. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಸಮುದಾಯದ ಹೆಂಗಸರು ನೆಲದ ಮೇಲೆ ಗೋಣಿ ಹಾಸಿ ಹರಿವೆ, ಬಸಳೆ ಇಟ್ಟುಕೊಂಡು ಕೂತಿರುತ್ತಾರೆ. ಯಾವ ಸೊಪ್ಪನ್ನು ಯಾವ ತಿಂಗಳಲ್ಲಿ ತಿನ್ನಬೇಕು ಎಂದು ಕೇಳಿ, ಬಾಯಿ ತುಂಬ ಹೇಳುತ್ತಾರೆ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರೂ ಹಾಲಕ್ಕಿಯವರೇ, ಶಾಲೆಗೆ ಹೋದವರಲ್ಲ. ಯಾವ ಮರದ ಬೀಜ ಯಾವಾಗ ಹೆಕ್ಕಬೇಕು ಅನ್ನುವ ಅವರ ತಿಳಿವಳಿಕೆಗೆ ಪದ್ಮಶ್ರೀ ಬಂತು. ಅದೇ ಸಮುದಾಯದ ಹೆಂಗಸು ಸಂತೆಯಲ್ಲಿ ಸೊಪ್ಪಿನ ಕಟ್ಟು ಮುಂದಿಟ್ಟರೆ ನಾವು ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಡಬ್ಬಿಯವರ ಹತ್ತಿರ ಯಾವತ್ತಾದರೂ ಚೌಕಾಸಿ ಮಾಡಿದ್ದೀರಾ ಅಕ್ಕೋರೇ?

ಉಳಿದದ್ದು ಜಾಹೀರಾತಿನ ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜು ಕೂಡ ಇದೆ. ಬೊಜ್ಜು ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡುವಂತಿಲ್ಲ, ಅದನ್ನು ಹಾಕಿದ ಪತ್ರಿಕೆಯೂ ತಪ್ಪಿಸಿಕೊಳ್ಳುವಂತಿಲ್ಲ. ಔಷಧ ಅಲ್ಲ, ಆಹಾರ ಎಂದು ಹೇಳಿ ಜಾರಿಕೊಳ್ಳುವ ದಾರಿ ಅವರಿಗೆ ಗೊತ್ತಿದೆ. ನಮಗೆ ಆ ದಾರಿ ಬೇಡ. ಹಾಗಾಗಿ ತೀರ್ಮಾನ ಬದಲಾಗುವುದಿಲ್ಲ, ಆ ಜಾಗದ ದುಡ್ಡು ಹೋದರೆ ಹೋಗಲಿ. ಆದರೆ ಮನೆಯಲ್ಲಿ ಮಾಡಿದ ಉಪ್ಪಾಗೆ ತುಪ್ಪ, ಮುರುಗಲು ಸಿಪ್ಪೆ, ಜೋನಿ ಬೆಲ್ಲ, ಅಪ್ಪೆಮಿಡಿ ಮಾರುವವರು ಜಿಲ್ಲೆಯಲ್ಲಿ ಯಾರೇ ಇರಲಿ, ಅವರ ಜಾಹೀರಾತನ್ನು ಅರ್ಧ ದರಕ್ಕೆ ಹಾಕುತ್ತೇವೆ. ಊರು, ಕೊಯ್ದ ತಿಂಗಳು, ತೂಕ, ದರ ಬರೆದಿರಬೇಕು. ಯಾವ ರೋಗ ವಾಸಿಯಾಗುತ್ತದೆ ಎಂದು ಬರೆದಿದ್ದರೆ ಆ ಸಾಲನ್ನು ನಾವೇ ಹೊಡೆದು ಹಾಕುತ್ತೇವೆ.